ಹತ್ತಿದ ಏಣಿ



ಹಿಂದುಳಿದವರನ್ನು ಮೇಲೆತ್ತಬೇಕೆಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಎತ್ತುವವನು ದೊಡ್ಡವನು, ಎತ್ತಿಸಿಕೊಳ್ಳುವವನು ಚಿಕ್ಕವನು ಎಂಬ ಭಾವ ಮನದಲ್ಲಿ ಉಳಿದರೆ ಅದು ದಾನವಾದೀತೇ ಹೊರತು ದಾಸೋಹವಾಗದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯನವರು, ಬಟ್ಟೆ ಮಡಿಮಾಡುವ ಮಾಚಿದೇವರು, ದೋಣಿ ನಡೆಸುವ ಚೌಡಯ್ಯನವರು ಬಸವಣ್ಣನವರ ಸರಿಸಮಾನರಾಗಿದ್ದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಅವರ ಧರ್ಮಪತ್ನಿ ಲಕ್ಕಮ್ಮನವರು ಹೇಳಿದ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಬಡವನಿಗೆ ಬೇಕಾದದ್ದು ಭಿಕ್ಷೆಯಲ್ಲ. ಮಾಡುವ ಕಾಯಕಕ್ಕೆ ತಕ್ಕ ಫಲ, ಕುಳಿತುಕೊಳ್ಳಲು ಸಮನಾದ ಆಸನ.

ಕಾಲ ಸರಿದಂತೆ ಕಾಯಕ ಮತ್ತೆ ಜಾತಿಯಾಯಿತು. ಅಕ್ಷರವೂ ಅಧಿಕಾರವೂ ಕೆಲವರ ಸೊತ್ತಾದವು. ಆಗ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಅದರ ವರದಿ 1919ರಲ್ಲಿ ಬಂತು. 1921ರಲ್ಲಿ ಸರ್ಕಾರದ ಆಜ್ಞೆಯಾಯಿತು. ಬ್ರಾಹ್ಮಣೇತರರಿಗೆ ವಿದ್ಯಾರ್ಥಿವೇತನ ಮತ್ತು ಸರ್ಕಾರಿ ನೌಕರಿಯ ಬಾಗಿಲು ತೆರೆಯಿತು. ಹಿಂದುಳಿದವರೆಂದು ಅಂದು ಎಣಿಸಲ್ಪಟ್ಟವರ ಸಾಲಿನಲ್ಲಿ ನಮ್ಮ ಸಮಾಜವೂ ಇತ್ತು ಎಂಬುದನ್ನು ಮರೆಯಬಾರದು. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಹತ್ತಿದ್ದು ಆ ಏಣಿಯನ್ನೇ.

ಮುಂದೆ ದೇವರಾಜ ಅರಸರ ಕಾಲ ಬಂತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನು ಉಳುವ ನೆಲಕ್ಕೆ ಒಡೆಯನಾಗುವ ಹಾದಿ ತೆರೆಯಿತು. 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ಜೀತವನ್ನು ರದ್ದುಪಡಿಸಿದವು. 1975ರಲ್ಲಿ ಬಂದ ಹಾವನೂರು ಆಯೋಗದ ವರದಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಲ್ಲಿ ಸೇರಿಸಲಿಲ್ಲ. ನಮ್ಮವರಲ್ಲಿ ಬಹಳ ಜನ ನೊಂದರು, ಪ್ರತಿಭಟಿಸಿದರು. ನಮ್ಮಲ್ಲಿಯೂ ಕಡುಬಡವರಿದ್ದಾರೆ, ಅವರ ಪರವಾಗಿ ಕೇಳುವುದು ತಪ್ಪಲ್ಲ. ಆದರೆ ನಮಗಿಂತ ಕೆಳಗೆ ನಿಂತವನು ಏಣಿಗೆ ಕೈಹಾಕಿದಾಗ ಅದನ್ನು ಒದೆಯುವವನು ಬಸವಣ್ಣನವರ ಹೆಸರು ಹೇಳಲು ಅರ್ಹನೇ?

ಈ ಅರಿಶಿನಕುಂಟೆಯ ಮಗ್ಗುಲ ಹೆದ್ದಾರಿಯೇ ತುಮಕೂರಿನ ಕಡೆಗೆ, ಸಿದ್ಧಗಂಗೆಗೆ ಒಯ್ಯುತ್ತದೆ. ಅಲ್ಲಿ 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳವರು ಜಾತಿ ಕೇಳದೆ ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಅಲ್ಲಿ ಉಂಡು ಕಲಿತ ಮಕ್ಕಳು ತಮ್ಮ ಕಾಲ ಮೇಲೆ ನಿಂತರು. ದಾಸೋಹವೆಂದರೆ ಇದು.

ಅದೇ ಹೆದ್ದಾರಿಯ ಎರಡೂ ಬದಿಗೆ ಕಣ್ಣು ಹಾಯಿಸಿ. ರಾಗಿ ಬೆಳೆದ ಹೊಲಗಳು ನಿವೇಶನಗಳಾಗಿವೆ, ಗೋದಾಮುಗಳಾಗಿವೆ. ಹೊಲ ಮಾರಿದವನಿಗೆ ಹಣ ಬಂತು. ಅದೇ ಹೊಲದಲ್ಲಿ ತಲೆಮಾರುಗಳಿಂದ ಕೂಲಿ ಮಾಡಿದವನಿಗೆ ಏನು ಬಂತು? ಅವನ ಹೆಸರು ಯಾವ ಪಹಣಿಯಲ್ಲಿಯೂ ಇರಲಿಲ್ಲ; ಆದ್ದರಿಂದ ಪರಿಹಾರದ ಲೆಕ್ಕದಲ್ಲಿಯೂ ಇಲ್ಲ. ಕಾನೂನು ನೋಡದ ಈ ಜಾಗವನ್ನು ಧರ್ಮ ನೋಡಬೇಕು.

ಆದಕಾರಣ, ಭಕ್ತರೇ, ನಿಮ್ಮ ಹೊಲದಲ್ಲಿ ದುಡಿದವರ ಒಂದು ಮಗುವಿನ ಓದಿನ ಹೊಣೆಯನ್ನು ಹೊತ್ತುಕೊಳ್ಳಿರಿ. ಕೂಲಿಯನ್ನು ಅಂದಂದೇ, ಕಡಿಮೆ ಮಾಡದೆ ಕೊಡಿರಿ. ಮನೆಯ ಶುಭಕಾರ್ಯದಲ್ಲಿ ಅವರನ್ನು ಕಡೆಯ ಪಂಕ್ತಿಗೆ ಕಾಯಿಸದೆ ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಹತ್ತಿದವನು ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಲಿ, ಇನ್ನೊಬ್ಬನು ಹತ್ತಲಿ.