ಓಟದ ದಾಖಲೆ, ಹುಟ್ಟಿನ ದಾಖಲೆ

‘ದಾಖಲೆ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಕಚೇರಿಯಲ್ಲಿ ಅದು ಕಾಗದಪತ್ರ. ಆಟದ ಬಯಲಿನಲ್ಲಿ, ಹಿಂದೆ ಯಾರೂ ಮಾಡದಿದ್ದ ಸಾಧನೆ. ಅರಬ್ಬಿಯಿಂದ ಬಂದ ಈ ಪದದ ಮೂಲದಲ್ಲಿರುವುದು ‘ಒಳಹೋಗುವುದು’ ಎಂಬ ಭಾವ. ಲೆಕ್ಕದ ಪುಸ್ತಕದೊಳಕ್ಕೆ ಹೋದದ್ದೇ ದಾಖಲೆ. ಕನ್ನಡ ಪಾಠ ಹೇಳುವ ನನಗೆ ವೃದ್ಧರ ಓಟದ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿದ್ದು ಈ ಮಾತಿನಿಂದಲೇ. ಅಲ್ಲಿ ಎರಡನೆಯ ದಾಖಲೆಯು ಮೊದಲನೆಯದನ್ನು ಬಿಟ್ಟು ನಿಲ್ಲಲಾರದು.

ಈ ಚರಿತ್ರೆ ಬಹಳ ಹಳೆಯದೇನಲ್ಲ. ಡೇವಿಡ್ ಪೇನ್ ಎಂಬ ಅಮೆರಿಕದ ವಕೀಲರ ಉತ್ಸಾಹದಿಂದ 1968ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಆ ದೇಶದ ಮೊದಲ ‘ಮಾಸ್ಟರ್ಸ್’ ಕೂಟ ನಡೆಯಿತು. 1975ರಲ್ಲಿ ಟೊರಾಂಟೊದಲ್ಲಿ ಮೊದಲ ಜಾಗತಿಕ ಕೂಟ ಸೇರಿತು. 1977ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪನೆಯಾಯಿತು. ಈಗ ಮೂವತ್ತೈದರಿಂದ ಮೊದಲಾಗಿ ಐದೈದು ವರ್ಷಕ್ಕೊಂದು ವರ್ಗ. ಎಂಬತ್ತರವರು ಎಂಬತ್ತರವರೊಡನೆ ಸೆಣಸಬೇಕು. ನ್ಯಾಯವಾದ ಏರ್ಪಾಡೇ ಸರಿ. ಆದರೆ ಗಡಿಯಾರದಷ್ಟೇ ಜನ್ಮದಿನಾಂಕವೂ ಇಲ್ಲಿ ಮುಖ್ಯವಾಯಿತು.

ಜಪಾನಿನ ಹಿದೆಕಿಚಿ ಮಿಯಾಝಾಕಿ ಹುಟ್ಟಿದ್ದು 1910ರ ಸೆಪ್ಟೆಂಬರ್ 22ರಂದು. ತೊಂಬತ್ತು ದಾಟಿದ ಮೇಲೆ ಓಟ ಕಲಿತ ಈ ಅಜ್ಜ, 2015ರ ಸೆಪ್ಟೆಂಬರ್ 23ರಂದು ಕ್ಯೋಟೋದಲ್ಲಿ 100 ಮೀಟರನ್ನು 42.22 ಸೆಕೆಂಡಿನಲ್ಲಿ ಓಡಿ, ನೂರೈದು ವರ್ಷ ಮೀರಿದವರ ವರ್ಗದಲ್ಲಿ ದಾಖಲೆ ಬರೆದರು. ಇಷ್ಟು ನಿಧಾನವಾಯಿತಲ್ಲ ಎಂದು ಪೇಚಾಡಿಕೊಂಡರಂತೆ! ನೂರೈದು ತುಂಬಿ ಒಂದೇ ದಿನವಾಗಿತ್ತು. ಎರಡು ದಿನ ಮೊದಲು ಓಡಿದ್ದರೆ ಅದೇ ಓಟ ಕೆಳಗಿನ ವರ್ಗದ್ದಾಗುತ್ತಿತ್ತು. ಜಪಾನಿನಲ್ಲಿ ಮನೆಮನೆಯ ಜನನ ಮರಣಗಳನ್ನು ಬರೆದಿಡುವ ಕುಟುಂಬ ವಹಿ 1872ರಷ್ಟು ಹಿಂದೆಯೇ ಜಾರಿಗೆ ಬಂದಿತ್ತು.

ನಮ್ಮವರ ಕಥೆ ಬೇರೆ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ 2011ರ ಅಕ್ಟೋಬರಿನಲ್ಲಿ ಟೊರಾಂಟೊದಲ್ಲಿ ಒಂದೇ ದಿನ 100 ಮೀಟರಿನಿಂದ 5000 ಮೀಟರಿನವರೆಗೆ ಎಂಟು ಓಟಗಳನ್ನು ಓಡಿದರು. ಕೆಲವೇ ದಿನಗಳಲ್ಲಿ ಮ್ಯಾರಥಾನನ್ನೂ ಮುಗಿಸಿದರು. ವಯಸ್ಸು ನೂರು ಎಂದು ಅವರ ಪಾಸ್‌ಪೋರ್ಟ್ ಹೇಳುತ್ತಿತ್ತು. ಆದರೆ ಹುಟ್ಟಿದ ಕಾಲದ ಪತ್ರವಿಲ್ಲವೆಂದು ಗಿನ್ನೆಸ್ ಪುಸ್ತಕದವರು ಮ್ಯಾರಥಾನ್ ಸಾಧನೆಯನ್ನು ಒಪ್ಪಲಿಲ್ಲ. ಓಡಿದ್ದನ್ನು ಲೋಕವೇ ಕಂಡಿತ್ತು, ಹುಟ್ಟಿದ್ದನ್ನು ಬರೆದವರಿರಲಿಲ್ಲ.

ಬರೆದಿಡುವ ಅಭ್ಯಾಸವೇ ನಮಗಿರಲಿಲ್ಲವೆ? ಹಾಗೆನ್ನಲಾಗದು. ನಮ್ಮ ದಾವಣಗೆರೆಯ ನೆರೆಯ ಹರಿಹರವನ್ನೇ ನೋಡಿರಿ. ಹೊಯ್ಸಳರ ದಂಡನಾಯಕ ಪೋಲಾಳ್ವನು ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದ್ದು 1224ರಲ್ಲೆಂದು ಶಾಸನದ ಬಲದಿಂದ ಹೇಳಬಲ್ಲೆವು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಕಲ್ಲಿನಲ್ಲಿ ಕೊರೆಸಿದ ನಾಡು ಇದು. ಆದರೆ ಅದು ದಾನಕ್ಕೆ, ಗುಡಿಗೆ, ವೀರಮರಣಕ್ಕೆ ಸಂದ ಗೌರವ. ಒಕ್ಕಲು ಮನೆಯ ಕೂಸು ಹುಟ್ಟಿದ ದಿನಕ್ಕೆ ಶಾಸನವೆಲ್ಲಿಯದು?

ಆದುದರಿಂದಲೇ ನಮ್ಮ ಆವರಗೆರೆಯಂಥ ಕಡೆ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ‘ಅಜ್ಜಾ, ವಯಸ್ಸೆಷ್ಟು?’ ಎಂದರೆ, ‘ಅದನ್ನ ಯಾರು ಬರದಿಟ್ಟಾರಪ್ಪ? ಗಾಂಧೀಜಿ ತೀರಿಕೊಂಡಾಗ ದನ ಕಾಯ್ತಿದ್ದೆ’ ಎಂಬಂಥ ಉತ್ತರ ಬರುತ್ತದೆ. ಚರಿತ್ರಕಾರನಿಗೆ ಇಷ್ಟು ಸಾಕು. ಅದು 1948, ದನ ಕಾಯುವ ಹುಡುಗನಿಗೆ ಎಂಟೋ ಹತ್ತೋ ಇದ್ದೀತು. ಓಟದ ತೀರ್ಪುಗಾರನಿಗೆ ಸಾಲದು. ಶಾಲೆಗೆ ಹೋದವರ ಪಾಡೂ ಅಷ್ಟೆ: ಎಷ್ಟೋ ಮಂದಿಗೆ ಸೇರಿಸಿಕೊಂಡ ಮೇಷ್ಟರು ಬರೆದ ಜೂನ್ 1ನೆಯ ತಾರೀಖೇ ಜನ್ಮದಿನ.

ಜನನ ಮರಣ ನೋಂದಣಿಯನ್ನು ಕಡ್ಡಾಯ ಮಾಡಿದ 1969ರ ಕಾಯಿದೆ ಜಾರಿಗೆ ಬಂದದ್ದು 1970ರಲ್ಲಿ. ಅದರಡಿ ಹೆಸರು ಬರೆಸಿಕೊಂಡ ಮೊದಲ ಕೂಸುಗಳಿಗೆ ಈಗ ಐವತ್ತೈದು ಮೀರಿದೆ. ಅವರು ನೂರು ವರ್ಷ ಬಾಳಿ ಓಡಿದರೆ ಯಾರೂ ಕಾಗದ ಕೇಳಿ ತಡೆಯಲಾರರು. ಅವರಿಗಿಂತ ಹಿರಿಯರ ಸಾಕ್ಷಿ ಇರುವುದು ಅವರ ನೆನಪಿನಲ್ಲಿ ಮಾತ್ರ. ಯಾವ ಬರ, ಯಾವ ಸಂವತ್ಸರ, ಯಾರ ಮದುವೆಯ ವರ್ಷ ಎಂಬುದನ್ನು ವಾಚಕರು ತಮ್ಮ ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಲಿ. ಪದಕಕ್ಕೆ ಆ ಬರಹ ಸಾಲದಿರಬಹುದು, ಚರಿತ್ರೆಗೆ ಸಾಲುತ್ತದೆ.