ಕಂಪೆನಿ ಹೋದಮೇಲೆ ಉಳಿದ ಮೋಟಾರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲದಲ್ಲಿ ಮೋಟಾರು ಇದ್ದಿದ್ದರೆ, ಹಳೆಯ ಕಾರು ಇಟ್ಟು ನೋಡು ಎಂದು ಮೂರನೆಯದನ್ನೂ ಸೇರಿಸುತ್ತಿದ್ದರೋ ಏನೋ. ಹೊಸ ಕಾರಿನ ಯೋಗಕ್ಷೇಮವನ್ನು ಮೊದಲ ಕೆಲವು ವರ್ಷ ಮಾರಿದ ಕಂಪೆನಿಯೇ ನೋಡಿಕೊಳ್ಳುತ್ತದೆ. ವಾರಂಟಿ ಮುಗಿದು, ಗಾಡಿಗೆ ಎಂಟು ಹತ್ತು ವರ್ಷ ತುಂಬಿ, ಎಲ್ಲಿಯೋ ಒಂದು ಸದ್ದು ಏಳತೊಡಗಿದಾಗ ಮಾಲೀಕನ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಗಾಜಿನ ಬಾಗಿಲಿನ ಡೀಲರರ ಸರ್ವೀಸ್ ಸ್ಟೇಷನ್ನು. ಇನ್ನೊಂದು, ಬೇವಿನ ಮರದ ಕೆಳಗಿನ ಗ್ಯಾರೇಜು. ಎಲ್ಲಿಗೆ ಹೋಗಬೇಕು? ಇದು ಇಂದಿನ ಪ್ರಶ್ನೆಯೆಂದು ತೋರಬಹುದು. ಆದರೆ ನಮ್ಮ ದೇಶದಲ್ಲಿ ಇದಕ್ಕೆ ಎಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆಯುಂಟು. ಆ ಚರಿತ್ರೆಯನ್ನು ಒಮ್ಮೆ ತಿರುವಿಹಾಕಿದರೆ ಉತ್ತರವೂ ತಕ್ಕಮಟ್ಟಿಗೆ ಸಿಕ್ಕೀತು.

ನಾನು ಈ ಪ್ರಶ್ನೆಯನ್ನು ದೇವಸಮುದ್ರದ ಕಡೆಯಿಂದ ನೋಡುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಈ ಹೋಬಳಿ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರೂ, ಜನಕ್ಕೆ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಆಂಧ್ರದ ರಾಯದುರ್ಗವೂ ದೂರವಿಲ್ಲ. ಬೆಂಗಳೂರಿನಿಂದ ಹಿರಿಯೂರು, ಚಳ್ಳಕೆರೆಗಳ ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿ ಇದೇ ಹೋಬಳಿಯ ರಾಂಪುರವನ್ನು ಹಾಯ್ದು ಹೋಗುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ, ಇಲ್ಲಿಂದ ಬಳ್ಳಾರಿಗೆ ಹೊರಟವನು ಮೈಸೂರನ್ನು ಬಿಟ್ಟು ಮದರಾಸಿಗೆ ಸೇರಿದ ಸೀಮೆಗೆ ಕಾಲಿಡುತ್ತಿದ್ದ. ಶೇಂಗಾ ಮೂಟೆ, ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಇವೆಲ್ಲ ಈ ದಾರಿಯಲ್ಲಿಯೇ ಸಾಗಬೇಕು. ಇಂಥ ಕಡೆ ಗಾಡಿ ಕೆಟ್ಟು ನಿಂತರೆ, ಯಾರು ಚೆನ್ನಾಗಿ ರಿಪೇರಿ ಮಾಡುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ಯಾರು ಬರುತ್ತಾರೆ ಎಂಬುದು ಮೊದಲನೆಯದು.

ಮೋಟಾರಿಗೆ ಮುಂಚೆ ಗಾಡಿಯೆಂದರೆ ಎತ್ತಿನ ಗಾಡಿ. ಅದನ್ನು ಕಟ್ಟುವ ಬಡಗಿಯೂ, ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವ ಕಮ್ಮಾರನೂ ಹಳ್ಳಿಯ ಆಯಗಾರರಲ್ಲಿ ಸೇರಿದವರು. ಅವರಿಗೆ ಕೆಲಸಕ್ಕೊಂದು ಬಿಲ್ಲು ಇರಲಿಲ್ಲ. ಸುಗ್ಗಿಯ ಕಾಲದಲ್ಲಿ ಕಣದ ರಾಶಿಯಿಂದ ಆಯ ಅಳೆದುಕೊಡುವುದು ಪದ್ಧತಿ. ಜಾತಿಯ ಕಟ್ಟಿನಲ್ಲಿ ನಿಂತಿದ್ದ ಆ ವ್ಯವಸ್ಥೆಯನ್ನು ಹೊಗಳಲು ನಾನು ಇದನ್ನು ಹೇಳುತ್ತಿಲ್ಲ. ಗಾಡಿ ಮಾಡಿದ ಕೈ ಮತ್ತು ಅದನ್ನು ದುರಸ್ತಿ ಮಾಡುವ ಕೈ ಆಗ ಒಂದೇ ಆಗಿದ್ದವು, ಅದೂ ಕೂಗಳತೆಯ ದೂರದಲ್ಲಿದ್ದವು ಎಂಬುದಷ್ಟೇ ಇಲ್ಲಿ ಮುಖ್ಯ. ಮೋಟಾರು ಬಂದಾಗ ಈ ಎರಡು ಕೈಗಳು ಬೇರೆಯಾದವು. ಮಾಡಿದವನು ಡೆಟ್ರಾಯಿಟ್ಟಿನಲ್ಲಿಯೋ ಆಕ್ಸ್‌ಫರ್ಡಿನಲ್ಲಿಯೋ ಉಳಿದ. ಕೆಟ್ಟದ್ದು ಮಾತ್ರ ನಮ್ಮ ರಸ್ತೆಯ ಮೇಲೆ.

ಈ ಅಂತರವನ್ನು ತುಂಬಲು ಬಂದವರು ಏಜೆಂಟರು. ಜನರಲ್ ಮೋಟಾರ್ಸ್ ಕಂಪೆನಿ 1928ರಲ್ಲಿ ಮುಂಬಯಿಯಲ್ಲಿ ಕಾರು ಲಾರಿಗಳನ್ನು ಜೋಡಿಸುವ ಕಾರಖಾನೆ ತೆರೆಯಿತು; ಫೋರ್ಡ್ ಕಂಪೆನಿಯೂ ಹಿಂದೆಯೇ ಬಂದಿತು. ದೊಡ್ಡ ಊರುಗಳಲ್ಲಿ ಅವುಗಳ ಏಜೆಂಟರು, ಏಜೆಂಟರ ಬಳಿ ಬಿಡಿಭಾಗಗಳ ದಾಸ್ತಾನು, ಕಂಪೆನಿಯ ಕೈಪಿಡಿ ಓದಿ ಕಲಿತ ಫಿಟ್ಟರುಗಳು ಇದ್ದರು. ಎರಡನೆಯ ಮಹಾಯುದ್ಧ ಬಂದು ಪೆಟ್ರೋಲಿಗೆ ರೇಷನ್ನು ಆದಾಗ ಬಸ್ಸುಗಳ ಬೆನ್ನಿಗೆ ಇದ್ದಲು ಗ್ಯಾಸಿನ ಒಲೆ ಕಟ್ಟಿ ಓಡಿಸಿದರು. ಪೆಟ್ರೋಲಿಗೆಂದು ಹುಟ್ಟಿದ ಎಂಜಿನ್ನು ಇದ್ದಲ ಹೊಗೆಯಲ್ಲಿ ನಡೆಯಬೇಕಾದರೆ ಅದರ ಒಳಗುಟ್ಟು ಬಲ್ಲವನು ದಿನವೂ ಬಳಿಯಲ್ಲಿರಬೇಕು. ಖಾಸಗಿ ಬಸ್ಸುಗಳ ಷೆಡ್ಡುಗಳೇ ಆಗ ನಮ್ಮ ಕಡೆಯ ಪಾಠಶಾಲೆಗಳಾದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರಕಾರ 120 ಬಸ್ಸುಗಳೊಡನೆ ತನ್ನದೇ ಸಾರಿಗೆ ಆರಂಭಿಸಿದರೂ, ಚಿತ್ರದುರ್ಗದ ಸೀಮೆಯಲ್ಲಿ ಖಾಸಗಿ ಬಸ್ಸುಗಳ ಕಾಲ ಮುಗಿಯಲಿಲ್ಲ. ಅವುಗಳ ಮೇಸ್ತ್ರಿಗಳ ಕಾಲವೂ ಮುಗಿಯಲಿಲ್ಲ.

ನಿಜವಾದ ತಿರುವು ಬಂದದ್ದು 1953ರಲ್ಲಿ. ಭಾಗಗಳನ್ನು ಹೊರಗಿನಿಂದ ತರಿಸಿ ಇಲ್ಲಿ ಜೋಡಿಸಿದರೆ ಸಾಲದು, ಕಾರನ್ನು ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶ ಎಂಬ ಸುಂಕ ಆಯೋಗದ ಸಲಹೆಯನ್ನು ಭಾರತ ಸರಕಾರ ಒಪ್ಪಿತು. ನೀತಿ ನ್ಯಾಯವಾದದ್ದೇ. ಮೋಟಾರು ಕಾರಖಾನೆಯೊಂದು ಈ ದೇಶದಲ್ಲಿ ಆಗಲೇಬೇಕೆಂದು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು ಯೋಜನೆ ಬರೆದ ಸರ್ ಎಂ. ವಿಶ್ವೇಶ್ವರಯ್ಯನವರು ಬಯಸಿದ್ದೂ ಅದನ್ನೇ. ಆಗ ಬ್ರಿಟಿಷ್ ಸರಕಾರ ಅದಕ್ಕೆ ಕೈಗೂಡಲಿಲ್ಲ. ಸ್ವತಂತ್ರ ಭಾರತದಲ್ಲಿ ನೀತಿ ಬಂದಾಗ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಜೋಡಣೆಯ ಕೆಲಸ ನಿಲ್ಲಿಸಿ ಹೊರಟುಹೋದವು. ಕಂಪೆನಿಗಳು ಹೋದವು, ಅವು ಮಾರಿದ ಷೆವ್ರೊಲೆಗಳೂ ಫೋರ್ಡುಗಳೂ ರಸ್ತೆಯ ಮೇಲೆಯೇ ಉಳಿದವು. 1957ರ ಸುಮಾರಿಗೆ ವಿದೇಶೀ ವಿನಿಮಯದ ಮುಗ್ಗಟ್ಟು ಒದಗಿ ಬಿಡಿಭಾಗಗಳ ಆಮದೂ ಬಿಗಿಯಾಯಿತು. ಆ ಅನಾಥ ಗಾಡಿಗಳನ್ನು ಸಾಕಿದವರು ಯಾರು? ಲೇತಿನ ಮುಂದೆ ನಿಂತ ಟರ್ನರು, ಬೇವಿನ ಮರದ ಕೆಳಗಿನ ಮೇಸ್ತ್ರಿ. ಸಿಗದ ಬುಷ್ಷನ್ನು ಹಿತ್ತಾಳೆಯಲ್ಲಿ ಕಡೆದರು. ಸವೆದ ಸಿಲಿಂಡರನ್ನು ಬೋರು ಮಾಡಿ ಬೇರೆ ಗಾಡಿಯ ಪಿಸ್ಟನ್ನನ್ನು ಕೂರಿಸಿದರು. ಬೆಂಗಳೂರಿನ ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೂ ಶಿವಾಜಿನಗರದ ಗುಜರಿಗೂ ದೂರದೂರದ ತಾಲ್ಲೂಕುಗಳಿಂದ ಜನ ಚೀಟಿ ಹಿಡಿದು ಬರುತ್ತಿದ್ದುದು ಇದೇ ಕಾರಣಕ್ಕೆ.

ಮುಂದಿನ ಮೂವತ್ತು ವರ್ಷ ಅಂಬಾಸಿಡರ್ ಮತ್ತು ಫಿಯೆಟ್ಟುಗಳ ಕಾಲ. ಹಿಂದುಸ್ತಾನ್ ಮೋಟಾರ್ಸಿನ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ರೂಪ. ಪ್ರೀಮಿಯರ್ ಕಂಪೆನಿಯ ಫಿಯೆಟ್ 1100, ಆಮೇಲೆ ಪದ್ಮಿನಿ ಎಂದು ಹೆಸರಾಯಿತು. ಹೊಸ ಕಾರು ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಇದ್ದ ಕಾರನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳುವುದು ಚಟವಲ್ಲ, ಅನಿವಾರ್ಯ. ಈ ಗಾಡಿಗಳ ಗುಣವೂ ಮೇಸ್ತ್ರಿಗೆ ಅನುಕೂಲವಾಗಿತ್ತು. ಬಾನೆಟ್ಟು ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಎಷ್ಟಿರಬೇಕೆಂದು ತೆಳುತಗಡಿನ ಗೇಜು ತೂರಿಸಿ ನೋಡುವುದು, ಕಾರ್ಬುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ ಎಂಜಿನ್ನಿನ ಉಸಿರು ಕೇಳುವುದು, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಯಾವ ಬೇರಿಂಗು ನರಳುತ್ತಿದೆಯೆಂದು ಹಿಡಿಯುವುದು ಇವೆಲ್ಲ ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ಬಂದ ವಿದ್ಯೆ. 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಹುಟ್ಟಿ ಐ.ಟಿ.ಐ.ಗಳು ಬಂದವಾದರೂ, ಹೆಚ್ಚಿನ ಹುಡುಗರು ಕಲಿತದ್ದು ಪಾನಾ ಎತ್ತಿಕೊಡುತ್ತಲೇ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಬಹಳ ಮುಂಚೆ. ಹಾಗಿದ್ದೂ ಅವು ಇಂದಿಗೂ ಅಲ್ಲಲ್ಲಿ ಕಾಣುತ್ತವೆ ಎಂದರೆ ಅದು ಈ ವಿದ್ಯೆಯ ಫಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅದರೊಡನೆ ಬಂದದ್ದು ಕಾರು ಮಾತ್ರವಲ್ಲ. ಇಷ್ಟು ಕಿಲೋಮೀಟರಿಗೆ ಇಂಥ ಸೇವೆ, ಇಂಥ ಎಣ್ಣೆ, ಇಂಥ ದರ ಎಂದು ಬರೆದು ಹೇಳುವ ಅಧಿಕೃತ ಸರ್ವೀಸ್ ಸ್ಟೇಷನ್ನುಗಳ ಜಾಲವೂ ಬಂದಿತು. ಸಾಮಾನ್ಯ ಗೃಹಸ್ಥನಿಗೆ ಇದು ದೊಡ್ಡ ನೆಮ್ಮದಿ. ಗ್ಯಾರೇಜಿನಲ್ಲಿ ಮೇಸ್ತ್ರಿ ಹೇಳಿದ್ದೇ ವೇದವಾಕ್ಯ. ಇಲ್ಲಿ ಅಚ್ಚಾದ ಬಿಲ್ಲಿದೆ, ಕೇಳುವವರಿದ್ದಾರೆ. 1991ರ ಬಳಿಕ ಪರದೇಶದ ಕಂಪೆನಿಗಳು ಮತ್ತೆ ಬಂದವು. ಅವುಗಳಲ್ಲಿ ಕೆಲವು ಮತ್ತೆ ಹೊರಟುಹೋದವು. ಕೊರಿಯಾದ ಡೇವೂ 2000ದ ದಶಕದ ಮೊದಲಲ್ಲಿಯೇ ಮುಳುಗಿತು. ಜನರಲ್ ಮೋಟಾರ್ಸ್ 2017ರಲ್ಲಿ ಭಾರತದಲ್ಲಿ ಷೆವ್ರೊಲೆ ಮಾರುವುದನ್ನು ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆ ಮುಗಿಸುವುದಾಗಿ ಸಾರಿತು. 1953ರ ಅವೇ ಎರಡು ಹೆಸರುಗಳು! ಹಳೆಯ ಗಿರಾಕಿಗಳಿಗೆ ಸೇವೆ ಮುಂದುವರಿಯುವುದೆಂದು ಎರಡೂ ಹೇಳಿದವು. ಆದರೆ ಮಾರಲು ಹೊಸ ಗಾಡಿಯಿಲ್ಲದ ಡೀಲರು ಬಾಡಿಗೆ ಕಟ್ಟಿ ಎಷ್ಟು ದಿನ ಅಂಗಡಿ ತೆರೆದಿಟ್ಟಾನು? ಡೀಲರನ ಆಯುಸ್ಸು ಕಾರಿನ ಆಯುಸ್ಸಿಗಿಂತ ಚಿಕ್ಕದಾಗಬಹುದೆಂಬುದನ್ನು ನಮ್ಮ ದೇಶ ಕಂಡುಂಡು ಬಲ್ಲದು.

ಈ ನಡುವೆ ಕಾರಿನ ಒಳಗೂ ಒಂದು ಬದಲಾವಣೆ ನಡೆಯಿತು. ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರು ಹೋಗಿ, ಇಂಧನವನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ನೂ ಅದನ್ನು ಆಳುವ ಪುಟ್ಟ ಕಂಪ್ಯೂಟರೂ ಬಂದವು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ದೇಶಕ್ಕೆಲ್ಲ ಕಡ್ಡಾಯವಾಯಿತು. ಈಗ ರೋಗ ಕಂಡುಹಿಡಿಯಲು ಕಿವಿ ಸಾಲದು, ಸ್ಕ್ಯಾನರು ಬೇಕು. ಸ್ಕ್ಯಾನರನ್ನೂ ಅಸಲು ಬಿಡಿಭಾಗವನ್ನೂ ಕಂಪೆನಿ ತನ್ನ ಡೀಲರಿಗಲ್ಲದೆ ಬೇರೆಯವರಿಗೆ ಕೊಡದಿದ್ದರೆ? ಇದೇ ದೂರು 2011ರಲ್ಲಿ ಭಾರತದ ಸ್ಪರ್ಧಾ ಆಯೋಗದ ಮುಂದೆ ಬಂದಿತು. 2014ರ ಆಗಸ್ಟ್ 25ರಂದು ಆಯೋಗವು 14 ಕಾರು ಕಂಪೆನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳೂ ರೋಗಪತ್ತೆಯ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡಕೂಡದು ಎಂದಿತು. ದಂಡದ ವಿಷಯ ಮೇಲ್ಮನವಿಗಳಿಗೆ ಹೋಯಿತು. ತತ್ತ್ವ ಮಾತ್ರ ಸ್ಪಷ್ಟವಾಯಿತು. ಅಮೆರಿಕದ ಮ್ಯಾಸಚೂಸೆಟ್ಸಿನ ಮತದಾರರು 2012ರಲ್ಲಿ ಇದೇ ಹಕ್ಕಿಗೆ ಓಟು ಹಾಕಿದ್ದರು. 2022ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಸರಕಾರವೂ ರಿಪೇರಿಯ ಹಕ್ಕಿನ ಮಾಹಿತಿಗಾಗಿ ಒಂದು ಜಾಲತಾಣ ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿತು.

ಇಷ್ಟು ಚರಿತ್ರೆಯ ಬಳಿಕ ವ್ಯವಹಾರದ ಮಾತು. ನನ್ನದು ಹದಿನಾಲ್ಕು ವರ್ಷದ ಕಾರು. ಎಂಜಿನ್ನು ಬಿಸಿಯೇರುವ ಕಾಯಿಲೆ ಬಂದಾಗ, ಹೆಸರು ಹೇಳಬೇಕಾಗಿಲ್ಲದ ಒಂದು ಸರ್ವೀಸ್ ಸ್ಟೇಷನ್ನಿನವರು ರೇಡಿಯೇಟರು, ನೀರಿನ ಪಂಪು, ಫ್ಯಾನು ಮೂರನ್ನೂ ಬದಲಿಸಬೇಕೆಂದು ಪಟ್ಟಿ ಬರೆದರು. ಗ್ಯಾರೇಜಿನವನೊಬ್ಬ ಅರ್ಧ ದಿನ ಕೂತು, ಫ್ಯಾನಿಗೆ ಕರೆಂಟು ಕೊಡುವ ರಿಲೇ ಸುಟ್ಟಿದೆಯೆಂದು ಹಿಡಿದು ಅದೊಂದನ್ನೇ ಬದಲಿಸಿದ. ಅದೇ ಗ್ಯಾರೇಜಿನವನು ಇನ್ನೊಮ್ಮೆ ಹಾಕಿದ ಅಗ್ಗದ ಬ್ರೇಕ್ ಪ್ಯಾಡುಗಳು ಮಳೆಗಾಲ ಕಳೆಯುವುದರೊಳಗೆ ಸವೆದುಹೋದವು. ಇವರಲ್ಲಿ ಒಬ್ಬರನ್ನು ಕಳ್ಳರೆಂದೂ ಇನ್ನೊಬ್ಬರನ್ನು ಸಾಧುಗಳೆಂದೂ ತಿಳಿಯಬೇಕಾಗಿಲ್ಲ. ಡೀಲರನಲ್ಲಿ ಕೆಲಸಗಾರನ ಗಂಟೆ ದುಬಾರಿ. ಹುಡುಕುತ್ತ ಕೂರುವುದಕ್ಕಿಂತ ಇಡೀ ಭಾಗವನ್ನೇ ಬದಲಿಸಿ ಖಾತರಿ ಕೊಡುವುದು ಅವನಿಗೆ ಲೇಸು. ಗ್ಯಾರೇಜಿನವನಿಗೆ ಸಮಯವಿದೆ, ಅಸಲು ಭಾಗ ಕೊಳ್ಳುವ ಬಂಡವಾಳವಿಲ್ಲ. ಒಬ್ಬನಲ್ಲಿ ವ್ಯವಸ್ಥೆ, ಇನ್ನೊಬ್ಬನಲ್ಲಿ ವ್ಯವಧಾನ.

ಆದುದರಿಂದ ಕೆಲಸ ನೋಡಿ ಬಾಗಿಲು ಆರಿಸುವುದು ಯುಕ್ತ. ವಾರಂಟಿ ಇರುವವರೆಗೆ, ಏರ್‌ಬ್ಯಾಗು, ಎ.ಬಿ.ಎಸ್., ಕೀಲಿಯೊಳಗಿನ ಎಲೆಕ್ಟ್ರಾನಿಕ್ಸು ಇವುಗಳ ಕೆಲಸಕ್ಕೆ ಡೀಲರನೇ ಸರಿ. ಕಂಪೆನಿಯೇ ದೋಷ ಒಪ್ಪಿ ಗಾಡಿಗಳನ್ನು ಹಿಂದಕ್ಕೆ ಕರೆದಾಗಲಂತೂ, ಕಾರು ಎಷ್ಟೇ ಹಳೆಯದಿರಲಿ, ತಪ್ಪದೆ ಹೋಗಬೇಕು. ಜಪಾನಿನ ಟಕಾಟಾ ಕಂಪೆನಿಯ ಏರ್‌ಬ್ಯಾಗಿನ ದೋಷಕ್ಕಾಗಿ ಹೋಂಡಾದ ಹಳೆಯ ಕಾರುಗಳನ್ನು ಭಾರತದಲ್ಲಿಯೂ ಕರೆಸಿಕೊಂಡು ಬಿಟ್ಟಿಯಾಗಿ ಬದಲಿಸಿಕೊಟ್ಟರು. ಇದು ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ. ಕ್ಲಚ್ಚು, ಸಸ್ಪೆನ್ಷನ್ನು, ರೇಡಿಯೇಟರು, ಸೈಲೆನ್ಸರು, ತಗಡು ಕೆಲಸ, ವೈರಿಂಗು ಇವಕ್ಕೆ ಬಲ್ಲ ಮೇಸ್ತ್ರಿಯೇ ಮೇಲು. ಅಲ್ಲಿಯೂ ಬ್ರೇಕು, ಸ್ಟೀರಿಂಗಿನ ಭಾಗಗಳನ್ನು ಮಾತ್ರ ನಂಬುವ ಅಂಗಡಿಯಿಂದ ನಾವೇ ಬಿಲ್ಲು ಸಮೇತ ಕೊಂಡು ಕೊಡುವುದು, ತೆಗೆದ ಹಳೆಯ ಭಾಗವನ್ನು ಕೇಳಿ ನೋಡುವುದು ಒಳ್ಳೆಯದು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಂದು 600ರಿಂದ 5,000 ರೂಪಾಯಿಗೆ ಏರಿತು. ತಪಾಸಣೆಯಲ್ಲಿ ಗಾಡಿ ತೇರ್ಗಡೆಯಾಗಬೇಕು ಎಂದಮೇಲೆ ಹಾಕಿಸಿದ ಭಾಗ, ಮಾಡಿಸಿದ ಕೆಲಸ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಲೇಸು.

ದೊಡ್ಡ ಊರಿನವರಿಗೆ ಇದು ಆಯ್ಕೆಯ ಮಾತು. ದೇವಸಮುದ್ರದಂಥ ಹೋಬಳಿಗೆ ಇದು ಇರುವಿಕೆಯ ಮಾತು. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವುಂಟು, ಬಿ. ಎಲ್. ರೈಸರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಅದರ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ ಎಂದು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಕುಶಲಿಯ ಹೆಸರು ಉಳಿದುಬಂದ ಈ ಸೀಮೆಯಲ್ಲಿ, ನಿನ್ನೆ ಮೊನ್ನೆ ಲಾರಿ ಬಸ್ಸುಗಳನ್ನು ಓಡುವಂತೆ ಇಟ್ಟ ಮೇಸ್ತ್ರಿಗಳ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಹೆಸರು ಹೋದರೂ ಹೋಗಲಿ, ವಿದ್ಯೆ ಹೋಗಬಾರದು. ಗ್ಯಾರೇಜಿನಲ್ಲಿ ಕಲಿತ ಹುಡುಗನಿಗೆ ಸ್ಕ್ಯಾನರು ಹಿಡಿಯುವ ತರಬೇತಿ ಹತ್ತಿರದ ಐ.ಟಿ.ಐ.ಯಲ್ಲಿ ಸಿಗಬೇಕು, ಅಸಲು ಬಿಡಿಭಾಗ ತಾಲ್ಲೂಕಿನ ಅಂಗಡಿಯಲ್ಲಿ ದೊರೆಯಬೇಕು, ಆಯೋಗ ಹೇಳಿದ ಮಾತು ಕಾಗದದಿಂದ ಇಳಿದು ರಾಂಪುರದ ಹೆದ್ದಾರಿಯವರೆಗೆ ಬರಬೇಕು. ಹಾಗಾಗದಿದ್ದರೆ, ಮುಂದೊಂದು ದಿನ ಇನ್ನೊಂದು ಕಂಪೆನಿ ಬಾಗಿಲು ಹಾಕಿಕೊಂಡು ಹೋದಾಗ, ಅದು ಬಿಟ್ಟುಹೋದ ಕಾರುಗಳನ್ನು ಸಾಕಲು 1953ರಲ್ಲಿ ಇದ್ದಂತೆ ಯಾರೂ ಇರುವುದಿಲ್ಲ.