ವಜ್ರದ ವ್ಯಾಪಾರಿಯೂ ಗಣಿ ಅಗೆದ ಕೈಗಳೂ



ಮೇ 1ರಂದು ನಾವು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ದುಡಿಯುವ ಕೈಗಳನ್ನು ಗೌರವಿಸಲೆಂದು 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್ ಈ ಹಬ್ಬವನ್ನು ಸ್ಥಾಪಿಸಿದರು. ಈ ಸಂದರ್ಭದಲ್ಲಿ ನಮ್ಮ ನಾಡಿನ ಮೂಲಕ ಹಾದುಹೋದ ಒಬ್ಬ ರತ್ನವ್ಯಾಪಾರಿಯ ಬರಹವನ್ನು ನೆನೆಯುವುದು ಸೂಕ್ತ.

ಆತನ ಹೆಸರು ಜೀನ್ ಬ್ಯಾಪ್ಟಿಸ್ಟ್ ಟ್ಯಾವರ್ನಿಯರ್. 1605ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈತ ಪ್ರೊಟೆಸ್ಟಂಟ್ ಮನೆತನದವನು. 1630ರಿಂದ 1668ರವರೆಗೆ ಆರು ಬಾರಿ ಪೂರ್ವದೇಶಗಳ ಯಾತ್ರೆ ಮಾಡಿದನು. ಪರ್ಷಿಯಾ, ಮೊಗಲರ ರಾಜ್ಯ, ಗೋವೆ, ವಿಜಾಪುರ, ಗೋಲ್ಕೊಂಡ ಎಲ್ಲವನ್ನೂ ಕಂಡನು. ಇಲ್ಲಿ ವಜ್ರ ಕೊಂಡು ಅಲ್ಲಿ ಮಾರುವುದೇ ಅವನ ಕಸುಬು. 1676ರಲ್ಲಿ ತನ್ನ ಯಾತ್ರೆಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದನು.

ಅದೇ ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದರು. 1640ರ ದಶಕದ ಕೊನೆಯ ವೇಳೆಗೆ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಅಲ್ಲಿಗೆ ಬಂದು ಕನ್ನಡ ಕಲಿತು ಶುಭಸಂದೇಶ ಸಾರಿದರು. ಟ್ಯಾವರ್ನಿಯರ್ ನಮ್ಮ ಕಾವೇರಿ ಸೀಮೆಗೆ ಬರಲಿಲ್ಲ. ಅವನ ದಾರಿ ಉತ್ತರದ ಕೃಷ್ಣಾ ತೀರದ ಕಡೆಗಿತ್ತು, ಏಕೆಂದರೆ ವಜ್ರ ಇದ್ದುದು ಅಲ್ಲಿ. ವಿಜಾಪುರದ ಸುಲ್ತಾನರ ರಾಜ್ಯದಲ್ಲಿದ್ದ ಒಂದು ಗಣಿಯನ್ನು ಅವನು 'ರಾವಲ್‌ಕೊಂಡ' ಎಂದು ಕರೆದಿದ್ದಾನೆ. ಅದು ಕರ್ನೂಲಿನ ಬಳಿಯ ರಾಮಳ್ಳಕೋಟ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಅಲ್ಲಿನ ವ್ಯಾಪಾರದ ರೀತಿಯನ್ನು ಕೇಳಿದರೆ ನಮ್ಮ ರೈತರಿಗೆ ಆಶ್ಚರ್ಯವಾಗದು. ಕೊಳ್ಳುವವನೂ ಮಾರುವವನೂ ಎದುರೆದುರು ಕೂರುತ್ತಿದ್ದರು. ವಸ್ತ್ರದ ಮರೆಯಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಇಡೀ ಕೈ ಹಿಡಿದರೆ 1000, ಐದು ಬೆರಳು ಹಿಡಿದರೆ 500, ಒಂದು ಬೆರಳಿಗೆ 100, ಅರ್ಧ ಬೆರಳಿಗೆ 50, ಬೆರಳ ತುದಿಗೆ 10. ಬಾಯಲ್ಲಿ ಒಂದು ಮಾತೂ ಇಲ್ಲ. ಸುತ್ತ ನಿಂತವರಿಗೆ ಬೆಲೆ ತಿಳಿಯುತ್ತಿರಲಿಲ್ಲ. ಮುಡುಕುತೊರೆ, ಹೇಮಗಿರಿ ಜಾತ್ರೆಗಳಲ್ಲಿ ಎತ್ತಿನ ಜೋಡಿಗೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಬಲ್ಲವರಿಗೆ ಇದು ಪರಿಚಿತ ಭಾಷೆಯೇ.

ಆದರೆ ಟ್ಯಾವರ್ನಿಯರ್ ಇನ್ನೊಂದು ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಕೆಲಸವನ್ನು ಚೆನ್ನಾಗಿ ಬಲ್ಲ ಗಣಿಯಾಳಿಗೆ ವರ್ಷಕ್ಕೆ ಸಿಗುತ್ತಿದ್ದುದು ಕೇವಲ 3 ವರಹ. ಈಗ ವರಹದ ಲೆಕ್ಕದಲ್ಲಿ ಆ ಬೆರಳುಗಳನ್ನು ಮತ್ತೆ ನೋಡೋಣ. ಬೆರಳ ತುದಿಯನ್ನು ಒಮ್ಮೆ ಅದುಮಿದರೆ ಒಬ್ಬ ಆಳಿನ ಮೂರು ವರ್ಷದ ಕೂಲಿಗಿಂತ ಹೆಚ್ಚು. ಇಡೀ ಕೈಯನ್ನು ಒಮ್ಮೆ ಹಿಡಿದರೆ 333 ವರ್ಷದ ಕೂಲಿ!

ಕೂಲಿ ಅಷ್ಟು ಕಡಿಮೆಯಾದ್ದರಿಂದ ಆಳುಗಳು ಹರಳನ್ನು ಅಡಗಿಸಲು ನೋಡುತ್ತಿದ್ದರು. ಒಬ್ಬನು ಕಣ್ಣಿನ ಮೂಲೆಯಲ್ಲಿಯೇ ಹರಳನ್ನು ಬಚ್ಚಿಟ್ಟು ಸಿಕ್ಕಿಬಿದ್ದನು. 50 ಆಳುಗಳಿಗೆ 12ರಿಂದ 15 ಕಾವಲುಗಾರರು! ಕಾವಲಿಗೆ ಹಣವಿತ್ತು, ಕೂಲಿಗೆ ಇರಲಿಲ್ಲ. ದೊಡ್ಡ ಹರಳನ್ನು ಪ್ರಾಮಾಣಿಕವಾಗಿ ತಂದೊಪ್ಪಿಸಿದವನಿಗೆ ಒಂದು ಪೇಟದ ಬಟ್ಟೆ, ಒಂದಿಷ್ಟು ಕಾಸು, ಅಕ್ಕಿ, ಸಕ್ಕರೆ ಸಿಗುತ್ತಿತ್ತು.

ಗೋಲ್ಕೊಂಡ ರಾಜ್ಯದ ಕೊಲ್ಲೂರು ಗಣಿ ಇನ್ನೂ ದೊಡ್ಡದು. (ಇದು ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ ಊರು.) ಅಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರು. ಗಂಡಸರು ಅಗೆದರೆ, ಹೆಂಗಸರೂ ಮಕ್ಕಳೂ ಮಣ್ಣು ಹೊರುತ್ತಿದ್ದರು. ಟ್ಯಾವರ್ನಿಯರ್ ಕೊಂಡೊಯ್ದ ಪ್ರಸಿದ್ಧ ನೀಲಿ ವಜ್ರ ಇಲ್ಲಿಯದೇ ಎಂದು ಬಹುಮಂದಿ ನಂಬುತ್ತಾರೆ. 1669ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಅದನ್ನು ಕೊಂಡನು. 1792ರಲ್ಲಿ ಅದು ಕಳುವಾಯಿತು. ಅದರಿಂದಲೇ ಕತ್ತರಿಸಿದ 45.52 ಕ್ಯಾರೆಟ್ಟಿನ 'ಹೋಪ್' ವಜ್ರ 1958ರಿಂದ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಮಾರಿದವನು, ಕೊಂಡವರು, ತೊಟ್ಟವರು, ಎಲ್ಲರ ಹೆಸರೂ ದಾಖಲೆಯಲ್ಲಿದೆ. ಅಗೆದು ತೆಗೆದ ಕೈ ಯಾರದು? ಅದರ ಹೆಸರಿಲ್ಲ.

ಪ್ರಿಯರೇ, ಒಳ್ಳೆಯ ಮುತ್ತಿಗಾಗಿ ಇದ್ದದ್ದನ್ನೆಲ್ಲ ಮಾರಿದ ವ್ಯಾಪಾರಿಯ ಸಾಮತಿ ನಮಗೆಲ್ಲ ಗೊತ್ತು. ಆ ಮುತ್ತಿಗಾಗಿ ಸಮುದ್ರಕ್ಕೆ ಮುಳುಗಿದವನೊಬ್ಬ ಇದ್ದೇ ಇದ್ದನು ಎಂಬುದನ್ನೂ ಮರೆಯಬಾರದು. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಾಕೋಬರು ಎಚ್ಚರಿಸಿದ್ದಾರೆ.

ಮಂಡ್ಯದ ಕಬ್ಬು, ಮದ್ದೂರಿನ ಎಳನೀರು, ಮಳವಳ್ಳಿಯ ರೇಷ್ಮೆ, ಇವೇ ನಮ್ಮ ಸೀಮೆಯ ರತ್ನಗಳು. ತೂಕದಲ್ಲಿ ಮೋಸವಾದರೆ, ಬೆಲೆ ಬಿದ್ದರೆ ನಾವು ದನಿ ಎತ್ತುತ್ತೇವೆ. ಎತ್ತಲೇಬೇಕು. ಆದರೆ ನಮ್ಮದೇ ಗದ್ದೆಯಲ್ಲಿ ಕಬ್ಬು ಕಡಿಯುವವರು, ಆಲೆಮನೆಯಲ್ಲಿ ಬೆಂಕಿಯ ಮುಂದೆ ನಿಲ್ಲುವವರು, ಮರ ಹತ್ತಿ ಕಾಯಿ ಇಳಿಸುವವರು, ಇವರ ಹೆಸರು ನಮಗೆ ಗೊತ್ತೇ? ಅವರ ಕೂಲಿ ಅಂದಂದೇ ಸಂದಾಯವಾಗಿದೆಯೇ? ಸಂತ ಜೋಸೆಫರ ಹಬ್ಬಕ್ಕೆ ಪೂಜೆಗೆ ಬರುವ ಮುನ್ನ ಈ ಲೆಕ್ಕವನ್ನು ಚುಕ್ತಾ ಮಾಡಿ ಬರೋಣ.